ಹಳೆಯ ಕ್ಯಾಮೆರಾದ ಮುಗ್ಗಲು ವಾಸನೆ ಬಿಡಿಸಿದ ಬಗೆ

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ಒಂದು ಹಲಸಿನ ಮರದ ಪೆಟ್ಟಿಗೆಯಲ್ಲಿ, ನನ್ನ ಸೋದರಮಾವನ ಯಾಶಿಕಾ-ಮ್ಯಾಟ್ 124ಜಿ ಕ್ಯಾಮೆರಾ (ನೋಡಲು ಮೇಲೊಂದು, ಫೋಟೋ ತೆಗೆಯಲು ಕೆಳಗೊಂದು ಲೆನ್ಸ್ ಇರುವ ಫಿಲ್ಮ್ ಕ್ಯಾಮೆರಾ) 18 ಮಳೆಗಾಲಗಳನ್ನು ಕಳೆದಿತ್ತು. ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿದ್ದ ಕಾಲದಲ್ಲಿ ಆ ಅಟ್ಟ ಸದಾ ಬೆಚ್ಚಗಿರುತ್ತಿತ್ತು. ಅಡಕೆ, ಬಿತ್ತನೆ ಬೀಜ, ಉಪ್ಪಿನಕಾಯಿ ಜಾಡಿ ಎಲ್ಲವೂ ಅಲ್ಲಿಯೇ ಇರುತ್ತಿದ್ದವು, ಯಾವುದಕ್ಕೂ ಬೂಷ್ಟು ಹಿಡಿಯುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಅಟ್ಟದ ಬಿಸುಪು ಹೋಯಿತು, ಆದರೆ ಕಾಯ್ದಿಡಬೇಕಾದ ವಸ್ತುಗಳನ್ನು ಅಲ್ಲಿಗೇ ಏರಿಸುವ ರೂಢಿ ಮಾತ್ರ ಉಳಿಯಿತು. ಮಾವ ತೀರಿಕೊಂಡ ಮರುವರ್ಷ ಪೆಟ್ಟಿಗೆಯನ್ನು ಕೆಳಗಿಳಿಸಿ ಚರ್ಮದ ಕೇಸಿನ ಗುಂಡಿ ಬಿಚ್ಚಿದಾಗ ಮೂಗಿಗೆ ಬಡಿದ ವಾಸನೆ, ನೆನೆದ ಕಂಬಳಿ ಮತ್ತು ಅಣಬೆ ಎರಡೂ ಸೇರಿದಂತಿತ್ತು. ಕ್ಯಾಮೆರಾದ ಶಟರ್, ಅಂದರೆ ಕ್ಷಣಮಾತ್ರ ತೆರೆದು ಬೆಳಕನ್ನು ಒಳಬಿಡುವ ಎಲೆಗಳು, ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಆದರೆ ಅದನ್ನು ಎದೆಯ ಮಟ್ಟದಲ್ಲಿ ಹಿಡಿದು, ಮುಖ ಬಗ್ಗಿಸಿ ಮೇಲಿನ ಗಾಜನ್ನು ನೋಡುವುದು ಅಸಾಧ್ಯವಾಗಿತ್ತು; ಎರಡು ನಿಮಿಷದಲ್ಲಿ ಸೀನು ಹತ್ತುತ್ತಿತ್ತು.

ಈ ವಾಸನೆ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಾನು ಮಾಡಿದ್ದೆಲ್ಲವೂ ಆ ತಿಳಿವಳಿಕೆಯ ಮೇಲೆಯೇ ನಿಂತಿದೆ. ಬೂಷ್ಟು ಬೆಳೆಯುವಾಗ ಹೊರಬಿಡುವ ಸುಲಭವಾಗಿ ಆವಿಯಾಗುವ ರಾಸಾಯನಿಕಗಳೇ ಮುಗ್ಗಲು ವಾಸನೆ. ಅಣಬೆಯ ವಾಸನೆ ಕೊಡುವ ಆಕ್ಟೆನಾಲ್ ಅವುಗಳಲ್ಲಿ ಒಂದು. ಮೊದಲ ಮಳೆಯ ಮಣ್ಣಿನ ಘಮಕ್ಕೆ ಕಾರಣವಾದ ಜಿಯೋಸ್ಮಿನ್ ಇನ್ನೊಂದು. ಜಿಯೋಸ್ಮಿನ್ ಅನ್ನು ಮನುಷ್ಯನ ಮೂಗು ಲಕ್ಷ ಕೋಟಿಯಲ್ಲಿ ಕೆಲವೇ ಅಂಶಗಳಷ್ಟಿದ್ದರೂ ಗುರುತಿಸಬಲ್ಲದು. ಹೀಗಾಗಿ ಕಣ್ಣಿಗೆ ಒಂದು ಚುಕ್ಕೆಯೂ ಕಾಣದ ಕ್ಯಾಮೆರಾ ಕೂಡ ಜೋರಾಗಿ ನಾರಬಹುದು. ಗಾಳಿಯ ಸಾಪೇಕ್ಷ ಆರ್ದ್ರತೆ 65 ಪ್ರತಿಶತ ದಾಟಿ ಹಲವು ದಿನ ಹಾಗೆಯೇ ನಿಂತರೆ ಬೂಷ್ಟಿಗೆ ಸಾಕು. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ನಮ್ಮ ಕಡೆ ಅದು 90ರ ಮೇಲೆಯೇ ಇರುವುದು ಸಾಮಾನ್ಯ. ಗಾಜು ಮತ್ತು ಲೋಹ ಬೂಷ್ಟಿಗೆ ಆಹಾರವಲ್ಲ. ಚರ್ಮ, ಬಟ್ಟೆ, ಅಂಟು, ಧೂಳು, ಕೈಯ ಜಿಡ್ಡು ಇವೇ ಅದಕ್ಕೆ ಬೇಕು. ಆದ್ದರಿಂದ ವಾಸನೆ ಇಡೀ ಕ್ಯಾಮೆರಾದ ತುಂಬ ಇರುವುದಿಲ್ಲ, ಕೆಲವು ನಿರ್ದಿಷ್ಟ ಭಾಗಗಳಲ್ಲಿ ಮನೆ ಮಾಡಿಕೊಂಡಿರುತ್ತದೆ.

ಇದು ತಿಳಿಯುವ ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಪೆಟ್ಟಿಗೆಗೆ ನಾಲ್ಕು ನುಸಿಗುಳಿಗೆ ಹಾಕಿಟ್ಟೆ. ಒಂದು ತಿಂಗಳ ನಂತರ ಮುಗ್ಗಲು ವಾಸನೆಯ ಜೊತೆಗೆ ನುಸಿಗುಳಿಗೆಯ ವಾಸನೆಯೂ ಸೇರಿಕೊಂಡಿತು, ಮತ್ತು ಅದನ್ನು ಬಿಡಿಸುವುದು ಇನ್ನೂ ಕಷ್ಟವಾಯಿತು. ನ್ಯಾಫ್ತಲೀನ್ ಆವಿಯಾಗಿ ಎಲ್ಲೆಡೆ ಹರಡಿ, ತಣ್ಣನೆಯ ಮೇಲ್ಮೈಗಳ ಮೇಲೆ ಮತ್ತೆ ಹರಳುಗಟ್ಟಬಲ್ಲ ವಸ್ತು. ಲೆನ್ಸ್ ಇರುವ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಅಡುಗೆ ಸೋಡಾ ಸುರಿದಿಡುವ ಸಲಹೆಯನ್ನೂ ಹಲವರು ಕೊಟ್ಟರು. ಸೋಡಾ ವಾಸನೆಯನ್ನು ಸ್ವಲ್ಪ ಹೀರುವುದು ನಿಜ, ಆದರೆ ಆ ನಯವಾದ ಪುಡಿ ಶಟರಿನ ಎಲೆಗಳ ನಡುವೆ ಸೇರಿದರೆ ಆಗುವ ಹಾನಿಯ ಮುಂದೆ ಆ ಲಾಭ ಏನೂ ಅಲ್ಲ. ಸುಗಂಧದ ಸಿಂಪಡಣೆ, ಧೂಪದ ಹೊಗೆ ಇವುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಇವು ಗಾಜಿನ ಮೇಲೆ ಪೊರೆ ಕೂರಿಸುತ್ತವೆ, ಅಷ್ಟೆ.

ನನಗೆ ದಾರಿ ತೋರಿಸಿದ್ದು ಮುಚ್ಚಳ ಬಿಗಿಯಾಗಿರುವ ನಾಲ್ಕು ಸ್ಟೀಲ್ ಡಬ್ಬಿಗಳು. ಅವುಗಳನ್ನು ತೊಳೆದು, ಒಂದು ದಿನ ಬಿಸಿಲಿಗಿಟ್ಟು, ಒಂದರಲ್ಲಿ ಚರ್ಮದ ಕೇಸು, ಇನ್ನೊಂದರಲ್ಲಿ ಹೆಗಲ ಪಟ್ಟಿ, ಮೂರನೆಯದರಲ್ಲಿ ಹಿಂಬಾಗಿಲು ತೆರೆದಿಟ್ಟ ಕ್ಯಾಮೆರಾ, ನಾಲ್ಕನೆಯದರಲ್ಲಿ ಲೆನ್ಸಿನ ಮುಚ್ಚಳ ಮತ್ತು ಇತರ ಚಿಲ್ಲರೆ ವಸ್ತುಗಳನ್ನು ಇಟ್ಟು ರಾತ್ರಿ ಮುಚ್ಚಿಟ್ಟೆ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಒಂದೊಂದಾಗಿ ತೆರೆದು ಮೂಸಿದೆ, ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವೆ ಅಂಗಳದಲ್ಲಿ ಐದು ನಿಮಿಷ ನಿಂತು ಬಂದೆ. ಮೂಗು ಬೇಗ ಒಗ್ಗಿಕೊಳ್ಳುತ್ತದೆ, ಅದರ ಮೇಲೆ ಪೂರ್ತಿ ಭರವಸೆ ಇಡಬಾರದು. ಆದ್ದರಿಂದ ಅಮ್ಮನಿಂದಲೂ ಮೂಸಿಸಿದೆ. ಇಬ್ಬರ ತೀರ್ಪೂ ಒಂದೇ ಆಗಿತ್ತು: ಕೇಸಿನ ಡಬ್ಬಿ ತಡೆಯಲಾರದಷ್ಟು ನಾರುತ್ತಿತ್ತು, ಕ್ಯಾಮೆರಾದ್ದು ಅದರ ಕಾಲು ಭಾಗದಷ್ಟಿತ್ತು, ಉಳಿದೆರಡರಲ್ಲಿ ಹೆಸರಿಗಷ್ಟೇ ಇತ್ತು. ಅಲ್ಲಿಂದ ಮುಂದೆ ನನ್ನ ಕೈಗೆ ಬಂದ ಪ್ರತಿ ಹಳೆಯ ಕ್ಯಾಮೆರಾಕ್ಕೂ ಈ ಡಬ್ಬಿ ಪರೀಕ್ಷೆಯನ್ನೇ ಮೊದಲು ಮಾಡುತ್ತೇನೆ, ಮತ್ತು ಕೇಸು ಇದ್ದ ಕಡೆಯಲ್ಲೆಲ್ಲ ಅದೇ ಮುಖ್ಯ ಅಪರಾಧಿಯೆಂದು ಕಂಡುಬಂದಿದೆ.

ಕೇಸಿನ ಕೆಲಸವನ್ನು ಮನೆಯೊಳಗೆ ಮಾಡಬಾರದು. ನಾನು ಎನ್95 ಮಾಸ್ಕ್ ಹಾಕಿಕೊಂಡು, ಗಾಳಿ ನನ್ನ ಬೆನ್ನಿನ ಕಡೆಯಿಂದ ಬೀಸುವಂತೆ ಕಣದ ಅಂಚಿನಲ್ಲಿ ಕುಳಿತು, ಮೆತ್ತನೆಯ ಬ್ರಷ್‌ನಿಂದ ಒಳಗೂ ಹೊರಗೂ ಒಣ ಬೂಷ್ಟನ್ನು ಉದುರಿಸಿದೆ. ಒದ್ದೆ ಬಟ್ಟೆಯಿಂದ ಮೊದಲೇ ಒರೆಸಿದರೆ ಬೀಜಕಣಗಳು ಚರ್ಮದ ರಂಧ್ರಗಳಿಗೆ ಇನ್ನಷ್ಟು ಇಳಿಯುತ್ತವೆ, ಆದ್ದರಿಂದ ಒಣಗಿಸಿ ಉದುರಿಸುವುದೇ ಮೊದಲಾಗಬೇಕು. ಅನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮವಾಗಿ ಬೆರೆಸಿ, ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿದರೆ ಹನಿ ಬೀಳದಷ್ಟು ಒಣಗಿಸಿಕೊಂಡು, ಕಾಣದ ಮೂಲೆಯೊಂದರಲ್ಲಿ ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪೂರ್ತಿ ಒರೆಸಿದೆ. ಹಿತ್ತಾಳೆಯ ಗುಂಡಿಗಳ ಸುತ್ತ ಹಸಿರು ಕಿಲುಬು ಮೇಣದಂತೆ ಕಟ್ಟಿಕೊಂಡಿತ್ತು. ಚರ್ಮದ ಕೊಬ್ಬಿನಂಶ ತಾಮ್ರದೊಂದಿಗೆ ಸೇರಿ ಆಗುವ ಈ ಕಿಲುಬನ್ನು ಬಿದಿರಿನ ಕಡ್ಡಿಯ ತುದಿಯಿಂದ ಕೆರೆದು ತೆಗೆದೆ. ಒಳಬದಿಯ ಮಖಮಲ್ಲಿನ ಲೈನಿಂಗ್ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಮೂರು ಬಾರಿ ಒರೆಸಿ ಒಣಗಿಸಿದರೂ ಡಬ್ಬಿಯೊಳಗೆ ಒಂದು ರಾತ್ರಿ ಕಳೆದರೆ ವಾಸನೆ ಮರಳಿ ಬರುತ್ತಿತ್ತು. ಕೊನೆಗೆ ತಳಭಾಗದಲ್ಲಿ ಸಡಿಲವಾಗಿದ್ದ ಲೈನಿಂಗನ್ನು ಎಬ್ಬಿಸಿ ನೋಡಿದಾಗ ಅದರ ಹಿಂದಿನ ಅಂಟಿನ ಪದರದ ತುಂಬ ಬೂದು ಬಣ್ಣದ ಬೂಷ್ಟು ಹಬ್ಬಿತ್ತು. ಲೈನಿಂಗನ್ನು ಪೂರ್ತಿ ಕಿತ್ತು, ಅಂಟನ್ನು ಕೆರೆದು, ಒಳಗೋಡೆಗಳನ್ನು ಮತ್ತೊಮ್ಮೆ ಒರೆಸಿದ ಮೇಲೆಯೇ ವಾಸನೆ ನಿಜವಾಗಿ ಇಳಿಯಿತು. ಮಾವನ ಕೈಯಲ್ಲಿ ಸವೆದ ವಸ್ತುವನ್ನು ಹೀಗೆ ಕೀಳುವುದಕ್ಕೆ ಮನಸ್ಸು ಹಿಂಜರಿಯಿತು, ಆದರೆ ಹಾಗೆಯೇ ಬಿಟ್ಟಿದ್ದರೆ ಕೇಸೂ ಉಳಿಯುತ್ತಿರಲಿಲ್ಲ.

ಇಲ್ಲಿ ನನ್ನಿಂದಾದ ಒಂದು ತಪ್ಪನ್ನು ದಾಖಲಿಸಬೇಕು. ಆಲ್ಕೋಹಾಲಿನಿಂದ ಚರ್ಮ ಒಣಗಿ ಬಿರುಸಾಗಿ ಕಂಡದ್ದರಿಂದ ಕೇಸಿಗೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಬಳಿದೆ. ಬೇಸಿಗೆಯುದ್ದಕ್ಕೂ ಅದು ಹೊಳೆಯುತ್ತಿತ್ತು. ಪುಷ್ಯ ಮಳೆ ಹಿಡಿದ ಎರಡನೆಯ ವಾರದಲ್ಲಿ ಎಣ್ಣೆ ಕುಡಿದಿದ್ದ ಭಾಗದಲ್ಲೆಲ್ಲ ಬಿಳಿ ಬೂಷ್ಟು ಎದ್ದಿತು. ಬೂಷ್ಟಿಗೆ ನಾನೇ ಊಟ ಬಡಿಸಿದಂತಾಗಿತ್ತು. ಈಗ ಚರ್ಮಕ್ಕೆ ಹಾಕುವ ಮೇಣದ ಕ್ರೀಮನ್ನು ಬೆರಳ ತುದಿಯಷ್ಟು ತೆಗೆದುಕೊಂಡು ತೆಳುವಾಗಿ ಉಜ್ಜಿ, ಒಣ ಬಟ್ಟೆಯಿಂದ ಹೆಚ್ಚಿನದನ್ನು ಒರೆಸಿ ತೆಗೆಯುತ್ತೇನೆ, ಅದೂ ಮಳೆ ನಿಂತ ಮೇಲೆ.

ಕ್ಯಾಮೆರಾದೊಳಗಿನ ವಾಸನೆಯ ಮೂಲ ಹಿಂಬಾಗಿಲಿನ ಅಂಚಿನಲ್ಲಿತ್ತು. ಬೆಳಕು ಒಳನುಗ್ಗದಂತೆ ಅಲ್ಲಿ ಅಂಟಿಸಿರುವ ಕಪ್ಪು ಪಾಲಿಯುರಿಥೇನ್ ಫೋಮ್, ಗಾಳಿಯ ತೇವದೊಂದಿಗೆ ವರ್ಷಗಟ್ಟಲೆ ಪ್ರತಿಕ್ರಿಯಿಸಿ ಒಡೆದು, ಟಾರಿನಂತೆ ಜಿಗುಟಾಗುತ್ತದೆ. 124ಜಿ ಮಾದರಿ 1970ರಲ್ಲಿ ಬಂದು 1986ರವರೆಗೆ ತಯಾರಾಯಿತು. ಆ ಕಾಲದ ಜಪಾನಿ ಕ್ಯಾಮೆರಾಗಳಲ್ಲಿ ಮೂಲ ಫೋಮ್ ಇನ್ನೂ ಗಟ್ಟಿಯಾಗಿರುವುದನ್ನು ನಾನು ಕಂಡಿಲ್ಲ. ಈ ಜಿಗುಟು ಧೂಳನ್ನೂ ತೇವವನ್ನೂ ಹಿಡಿದಿಟ್ಟುಕೊಂಡು ತನ್ನದೇ ಒಂದು ಹುಳಿ ವಾಸನೆಯನ್ನು ಸೇರಿಸುತ್ತದೆ. ಅದನ್ನು ತೆಗೆಯಲು ಬಿದಿರಿನ ಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆಯಾಗಿ ಕತ್ತರಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಒಂದೊಂದೇ ಸೆಂಟಿಮೀಟರಿನಷ್ಟು ಕೆರೆಯುತ್ತ ಹೋದೆ. ಲೋಹದ ಸಾಧನ ಬಳಸಿದರೆ ಕಪ್ಪು ಬಣ್ಣ ಗೀಚಿಹೋಗುತ್ತದೆ. ಕೆರೆದ ಚೂರು ಕ್ಯಾಮೆರಾದೊಳಗೆ ಬೀಳದಂತೆ ಹಿಂಬಾಗಿಲನ್ನು ಕೆಳಮುಖವಾಗಿ ಹಿಡಿದು, ಫಿಲ್ಮ್ ಕೂರುವ ತೆರಪನ್ನು ಕಾಗದದಿಂದ ಮುಚ್ಚಿಕೊಂಡಿದ್ದೆ. ಎರಡು ಸಂಜೆ ಹಿಡಿಯಿತು. ತೋಡು ಹೊಳೆಯುವಷ್ಟು ಸ್ವಚ್ಛವಾದ ಮೇಲೆ ಅಂಟುಬೆನ್ನಿನ 1.5 ಮಿಲಿಮೀಟರ್ ದಪ್ಪದ ಹೊಸ ಫೋಮ್ ಕತ್ತರಿಸಿ, ಅಂಟಿನ ಬದಿಯನ್ನು ಬೆರಳಿನಿಂದ ನೀರು ತಾಕಿಸಿ ಕೂರಿಸಿದೆ; ನೀರಿನ ತೇವ ಇರುವವರೆಗೆ ಪಟ್ಟಿಯನ್ನು ಅತ್ತಿತ್ತ ಸರಿಸಿ ನೇರ ಮಾಡಿಕೊಳ್ಳಬಹುದು, ಒಣಗಿದ ಮೇಲೆ ಅದು ಗಟ್ಟಿಯಾಗಿ ಹಿಡಿಯುತ್ತದೆ.

ಕ್ಯಾಮೆರಾದ ಹೊರಮೈಗೆ ಅಂಟಿಸಿದ ಕಪ್ಪು ಹೊದಿಕೆಯನ್ನು ಒರೆಸುವಾಗ ಮಾತ್ರ ಆಲ್ಕೋಹಾಲನ್ನು ದೂರ ಇಟ್ಟೆ. ಹಳೆಯ ಕ್ಯಾಮೆರಾಗಳಲ್ಲಿ ಈ ಹೊದಿಕೆಯನ್ನು ಅರಗಿನಿಂದ ಅಂಟಿಸಿರುವುದುಂಟು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಅಂಚುಗಳು ಎದ್ದು ಬರುತ್ತವೆ. ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಮತ್ತು ಗೀರುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಇದಕ್ಕೆ ಸಾಕು. ಮೇಲಿನ ನೋಡುವ ಗಾಜಿಗೆ ಮರೆಯಾಗಿರುವ ಹುಡ್ಡಿನ ತಿರುಪುಗಳನ್ನು ಬಿಚ್ಚಿ ತೆಗೆದಾಗ ಒಳಗಿನ ಓರೆ ಕನ್ನಡಿಯ ಮೇಲೆ ಧೂಳಿನ ದಪ್ಪ ಪದರವಿತ್ತು. ಆ ಕನ್ನಡಿಯ ಲೇಪ ಗಾಜಿನ ಹಿಂದೆ ಇರುವುದಿಲ್ಲ, ಮುಂದೆಯೇ ಇರುತ್ತದೆ. ಉಜ್ಜಿದರೆ ಅದೇ ಎದ್ದುಹೋಗುತ್ತದೆ. ರಬ್ಬರ್ ಬ್ಲೋವರಿನಿಂದ ಊದಿ, ಒಂಟೆ ಕೂದಲಿನಷ್ಟು ಮೆತ್ತನೆಯ ಬ್ರಷ್ ಆಡಿಸಿ ಅಲ್ಲಿಗೇ ನಿಲ್ಲಿಸಿದೆ.

ಲೆನ್ಸಿನ ವಿಷಯ ಚಿಕ್ಕದು. ನೋಡುವ ಲೆನ್ಸಿನ ಹಿಂಬದಿಯಲ್ಲಿ ಜೇಡರ ಎಳೆಯಂತಹ ಬೂಷ್ಟು ಇತ್ತು, ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ತಾಕಿಸಿದ ಹತ್ತಿಯಿಂದ ಒರೆಸಿದೆ, ದ್ರವ ಅಂಚಿಗೆ ಹರಿಯದಂತೆ ನೋಡಿಕೊಂಡೆ. ಬೂಷ್ಟು ಹೋಯಿತು, ಅದು ಲೇಪವನ್ನು ತಿಂದು ಮಾಡಿದ ಸಣ್ಣ ಗುರುತು ಉಳಿಯಿತು. ಫೋಟೋ ತೆಗೆಯುವ ಲೆನ್ಸಿನ ಒಳಗೆ ಇದ್ದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ, ಬಲ್ಲ ರಿಪೇರಿಯವರಿಗೆ ಕೊಡುತ್ತಿದ್ದೆ.

ಇಷ್ಟಾದರೂ ಕ್ಯಾಮೆರಾದಲ್ಲಿ ಒಂದು ಮಂದ ವಾಸನೆ ಉಳಿದಿತ್ತು. ಅದನ್ನು ತೆಗೆದದ್ದು ಕಾಲ ಮತ್ತು ಇದ್ದಲು. ಅಕ್ವೇರಿಯಂ ಅಂಗಡಿಯಲ್ಲಿ ನೀರು ಸೋಸಲು ಮಾರುವ ಆಕ್ಟಿವೇಟೆಡ್ ಕಾರ್ಬನ್ ಹರಳುಗಳನ್ನು ತಂದು, ಪುಡಿ ಉದುರದಂತೆ ಎರಡು ಪದರದ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಮತ್ತು ಕ್ಯಾಮೆರಾದ ಜೊತೆಗೆ ಇಟ್ಟೆ. ಸಿಲಿಕಾ ಜೆಲ್ ತೇವವನ್ನು ಹೀರುತ್ತದೆ, ಇದ್ದಲು ವಾಸನೆಯ ಆವಿಗಳನ್ನು ಹಿಡಿಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಒಲೆಯ ಇದ್ದಲನ್ನೂ ಒಮ್ಮೆ ಪ್ರಯತ್ನಿಸಿದ್ದೆ, ಅದರ ಹೀರುವ ಶಕ್ತಿ ಬಹಳ ಕಡಿಮೆ. ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರತೆಗೆದು, ಹಿಂಬಾಗಿಲು ತೆರೆದು, ಜಗಲಿಯ ನೆರಳಿನಲ್ಲಿ ಗಾಳಿಗಿಟ್ಟು, ಎಲ್ಲ ವೇಗಗಳಲ್ಲೂ ಶಟರ್ ಒತ್ತುತ್ತಿದ್ದೆ. ನೇರ ಬಿಸಿಲಿನ ಬಗ್ಗೆ ಎಚ್ಚರ ಬೇಕು: ಬಿಸಿಗೆ ಒಳಗಿನ ಗ್ರೀಸ್ ತೆಳುವಾಗಿ ಹರಿದು ಎಲೆಗಳಿಗೆ ಅಂಟಬಹುದು, ಬಟ್ಟೆಯ ಶಟರ್ ಇರುವ ಝೋರ್ಕಿ, ಫೆಡ್‌ನಂತಹ ಹಳೆಯ ರಷ್ಯನ್ ಕ್ಯಾಮೆರಾಗಳಲ್ಲಿ ಲೆನ್ಸು ಸೂರ್ಯನತ್ತ ತಿರುಗಿದ್ದರೆ ಪರದೆಯಲ್ಲಿ ತೂತು ಸುಡುತ್ತದೆ. ಏಳನೆಯ ವಾರದ ಡಬ್ಬಿ ಪರೀಕ್ಷೆಯಲ್ಲಿ ಅಮ್ಮ ಮೂಸಿ, "ಈಗ ಬರೀ ಹೊಲಿಗೆ ಮಿಷನ್ನಿನ ವಾಸನೆ" ಎಂದರು. ಅದು ಎಣ್ಣೆ ಮತ್ತು ಲೋಹದ ವಾಸನೆ, ಇರಬೇಕಾದದ್ದೇ.

ಆಮೇಲೆ ಇನ್ನೂ ಕೆಲವು ಕ್ಯಾಮೆರಾಗಳನ್ನು ಹೀಗೆ ಸ್ವಚ್ಛ ಮಾಡಿದ್ದೇನೆ. ಬರೋಡಾದಲ್ಲಿ ತಯಾರಾಗಿ ಒಂದು ಕಾಲದಲ್ಲಿ ನಮ್ಮ ದೇಶದ ಅಸಂಖ್ಯ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ 3 ಎಲ್ಲಕ್ಕಿಂತ ಸುಲಭ. ಅದರ ಸರಳ ಪೆಟ್ಟಿಗೆಯೊಳಗೆ ವಾಸನೆ ಕೂರಲು ಜಾಗವೇ ಕಡಿಮೆ, ಕೇಸು ಬೇರೆ ಮಾಡಿದರೆ ಒಂದೇ ವಾರದಲ್ಲಿ ಶುದ್ಧವಾಯಿತು. ಮಡಿಚುವ ಮಾದರಿಯ ಒಂದು ಹಳೆಯ ಕ್ಯಾಮೆರಾದಲ್ಲಿ ಮಾತ್ರ ನಾನು ಸೋತೆ. ಅದರ ಬೆಲ್ಲೋಸಿನ (ಲೆನ್ಸಿಗೂ ಪೆಟ್ಟಿಗೆಗೂ ನಡುವೆ ತಿದಿಯಂತೆ ಮಡಿಚಿಕೊಳ್ಳುವ ಭಾಗ) ಪ್ರತಿ ಮಡಿಕೆಯೊಳಗೂ ಬಟ್ಟೆ, ಕಾಗದ, ಅಂಟು ಒಟ್ಟಾಗಿದ್ದು, ಬೂಷ್ಟು ಪದರಗಳ ನಡುವೆ ಇಳಿದಿತ್ತು. ಆರು ತಿಂಗಳು ಇದ್ದಲಿನೊಂದಿಗೆ ಇಟ್ಟರೂ ಹೋಗಲಿಲ್ಲ. ಬೆಲ್ಲೋಸ್ ಬದಲಿಸುವುದೊಂದೇ ದಾರಿ, ಅದನ್ನು ನಾನಿನ್ನೂ ಕಲಿತಿಲ್ಲ.

ಈಗ ಕ್ಯಾಮೆರಾಗಳು ಆರ್ದ್ರತೆ ಮಾಪಕವಿರುವ ಎರಡು ಪೆಟ್ಟಿಗೆಗಳಲ್ಲಿವೆ. ಮಾಪಕ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. 30ಕ್ಕಿಂತ ಕೆಳಗಿಳಿಸುವುದು ಚರ್ಮಕ್ಕೂ ಗ್ರೀಸಿಗೂ ಒಳ್ಳೆಯದಲ್ಲ. ನೀಲಿ ಸಿಲಿಕಾ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ, ತೇವ ಕುಡಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನು ಬಳಸುತ್ತೇನೆ, ಅಡುಗೆಗೆ ಬಳಸದ ತಟ್ಟೆಯೊಂದರಲ್ಲಿ 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಪೆಟ್ಟಿಗೆಗೆ ಹಾಕುತ್ತೇನೆ. ಮಳೆಗಾಲದಲ್ಲಿ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಬೇಕಾಗುತ್ತದೆ. ಮಾವನ ಕೇಸನ್ನು ಕ್ಯಾಮೆರಾದ ಜೊತೆ ಇಡುವುದಿಲ್ಲ. ಅದು ಬೇರೊಂದು ಸ್ಟೀಲ್ ಡಬ್ಬಿಯಲ್ಲಿ, ತನ್ನದೇ ಇದ್ದಲಿನ ಗಂಟಿನೊಂದಿಗೆ ಇದೆ, ಮತ್ತು ಮುಚ್ಚಳ ತೆಗೆದಾಗ ಆ ಹಳೆಯ ಅಟ್ಟದ ವಾಸನೆ ಇವತ್ತಿಗೂ ಎಳೆಯಷ್ಟು ಬರುತ್ತದೆ.