ಬೇರೆಯವರ ಪರವಾಗಿ ಹೈಕೋರ್ಟ್ ಮೆಟ್ಟಿಲೇರುವುದು ಹೇಗೆ?

ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಮುಂಗಡ ಸಾಲಕ್ಕೆ ಸಿಕ್ಕಿಬಿದ್ದ ಕುಟುಂಬಗಳಿವೆ ಎಂದಿಟ್ಟುಕೊಳ್ಳಿ. ಸಾಲ ತೀರುವವರೆಗೆ ಅವರು ಗೇಟು ದಾಟುವಂತಿಲ್ಲ. ಜೀತವನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿ ಅವರಿಗಾಗಿಯೇ ಇದೆ. ಆದರೆ ಕೋರ್ಟಿಗೆ ಹೋಗುವವರು ಯಾರು? ಆ ಗೂಡಿನ ಸಂಬಂಧವೇ ಇಲ್ಲದ ನೀವೂ ಹೋಗಬಹುದು.

ನೊಂದವರೇ ಬರಬೇಕೆಂಬುದು ಹಳೆಯ ನಿಯಮ. ಅದು ಸಡಿಲವಾಗಿದ್ದು ಕೈದಿಗಳಿಂದ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗೆ ಆದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. 1981ರ ಎಸ್.ಪಿ. ಗುಪ್ತಾ ತೀರ್ಪು ದಾರಿಯನ್ನು ಇನ್ನಷ್ಟು ಅಗಲಿಸಿತು: ಬಡತನ, ಅಸಹಾಯಕತೆ, ಅಂಗವೈಕಲ್ಯದಿಂದ ಕೋರ್ಟಿಗೆ ಬರಲಾಗದವರ ಪರವಾಗಿ ಸದುದ್ದೇಶದ ಯಾರೇ ಆದರೂ 226ನೇ ವಿಧಿಯಡಿ ಹೈಕೋರ್ಟಿಗೆ, 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಮೊದಲು ಗೂಡಿನವರನ್ನೇ ಮಾತಾಡಿಸಿ. ಅವರ ಒಪ್ಪಿಗೆಯಿಲ್ಲದೆ ಹೊರಡುವುದು ನನ್ನ ಪ್ರಕಾರ ತಪ್ಪು. ಕೋರ್ಟಿನ ನೋಟಿಸು ಬಂದ ಮೇಲೆ ಮಾಲೀಕನ ಸಿಟ್ಟು ತಿರುಗುವುದು ಅವರ ಮೇಲೆ. ಅವರೇ ಬರಬಲ್ಲರಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಿರಿ. ಜೀತಕ್ಕೆ ಒಳಗಾದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ಆಮೇಲೆ ಕಾಗದ. ಎಷ್ಟು ಮುಂಗಡ, ದಿನಕ್ಕೆಷ್ಟು ಕೂಲಿ, ಎಂದಿನಿಂದ ಇದ್ದಾರೆ ಎಂಬುದನ್ನು ಬರೆದುಕೊಂಡು ಜಿಲ್ಲಾಧಿಕಾರಿಗೆ ಮನವಿ ಕೊಡಿ, ಉಪವಿಭಾಗಾಧಿಕಾರಿಗೂ ಒಂದು ಪ್ರತಿ ಸಲ್ಲಿಸಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಜಾರಿ ಅವರ ಹೊಣೆ. ನಿಮ್ಮಲ್ಲಿ ಉಳಿಯುವ ಪ್ರತಿಗೆ ಟಪಾಲು ವಿಭಾಗದ ಮುದ್ರೆ ಒತ್ತಿಸಿ, ತಾರೀಕು ಓದುವಂತಿದೆಯೇ ಎಂದು ಅಲ್ಲೇ ನಿಂತು ನೋಡಿ. ನೀವು ಕೇಳಿದ್ದೀರಿ, ಸರ್ಕಾರ ಸುಮ್ಮನಿತ್ತು ಎಂದು ಹೈಕೋರ್ಟಿಗೆ ತೋರಿಸುವುದು ಆ ಮುದ್ರೆಯೇ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂದರೆ ಅದನ್ನೂ ಜೋಪಾನವಾಗಿಡಿ. ಜೀವಕ್ಕೇ ಅಪಾಯವಿದ್ದರೆ ಮಾತ್ರ ಉತ್ತರಕ್ಕೆ ಕಾಯಬೇಡಿ.

ಅರ್ಜಿಯ ಜೊತೆಗಿನ ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣ ಮಾಡಿ ಕೊಡುವ ಹೇಳಿಕೆಯಲ್ಲಿ, ನೀವು ಯಾರು, ಮಾಹಿತಿ ಎಲ್ಲಿಂದ ಬಂತು, ಸ್ವಂತ ಲಾಭವಿಲ್ಲ ಎಂಬುದನ್ನು ಬಿಡಿಸಿ ಬರೆಯಿರಿ. ಅರ್ಜಿದಾರರ ಹಿನ್ನೆಲೆ ಪರಿಶೀಲಿಸಿಯೇ ಮುಂದುವರಿಯಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೂಡಿನ ಮಾಲೀಕನ ಜೊತೆ ನಿಮಗೆ ಹಳೆಯ ಜಗಳವಿದ್ದರೆ ಅದನ್ನು ಮುಚ್ಚಿಡಬೇಡಿ. ಬೆಂಗಳೂರು ದೂರವಾದವರಿಗೆ ಧಾರವಾಡ, ಕಲಬುರಗಿ ಪೀಠಗಳಿವೆ. ವಕೀಲರೇ ಸಿಗದಿದ್ದರೆ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಬಹುದು. ಪತ್ರದ ಮೂಲಕ ಸ್ವೀಕರಿಸುವ ವಿಷಯಗಳ ಪಟ್ಟಿಯಲ್ಲಿ ಜೀತವೂ ಇದೆ.

ಒಮ್ಮೆ ಹಾಕಿದ ಅರ್ಜಿ ನಿಮ್ಮದಾಗಿ ಉಳಿಯುವುದಿಲ್ಲ. ಜೈಲಿನಲ್ಲಿದ್ದ ಮಕ್ಕಳ ಪರವಾಗಿ ಹೋಗಿದ್ದ ಪತ್ರಕರ್ತೆ ಶೀಲಾ ಬರ್ಸೆ 1988ರಲ್ಲಿ ಅರ್ಜಿ ಹಿಂಪಡೆಯಲು ಕೇಳಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅವರನ್ನು ಕೈಬಿಟ್ಟು ಪ್ರಕರಣವನ್ನು ಮುಂದುವರಿಸಿತು.

ಆದೇಶ ಬಂದ ಮೇಲೆ ಮತ್ತೆ ಗೂಡಿಗೆ ಹೋಗಿ. ಬಿಡುಗಡೆ ಪ್ರಮಾಣಪತ್ರ ಪ್ರತಿಯೊಬ್ಬರ ಕೈಗೆ ಬಂದಿದೆಯೇ, ಹೆಸರು ಸರಿಯಾಗಿದೆಯೇ ನೋಡಿ. ಪುನರ್ವಸತಿ ನೆರವು ಕೇಳಲು ಅವರಿಗೆ ಬೇಕಾಗುವುದು ಆ ಹಾಳೆ.