ಒಂಬತ್ತನೇ ಕ್ಲಾಸಿಗೆ ಸೇರುವ ಮುಂಚೆ: ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದ ಕನ್ನಡಿಗರ ಮನೆಗಳಿಗೆ

ಊರಲ್ಲಿ ಎಂಟನೇ ಕ್ಲಾಸ್ ಮುಗಿಸಿ ಬಂದ ಮಗು ಇಲ್ಲಿ ಆಗಸ್ಟ್‌ನಲ್ಲಿ ಹೈಸ್ಕೂಲ್ ಸೇರುತ್ತದೆ. ಇಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡರವರೆಗೆ. ಸಿಲಬಸ್ ಯಾವುದು, ಪುಸ್ತಕ ಎಲ್ಲಿ ಸಿಗುತ್ತೆ, ಟ್ಯೂಷನ್ ಬೇಕಾ ಅಂತ ಅಪ್ಪ ಅಮ್ಮ ವಿಚಾರಿಸಲು ಶುರುಮಾಡುತ್ತಾರೆ. ಇಲ್ಲಿ ಅದಕ್ಕೂ ಮೊದಲು ವಿಚಾರಿಸಬೇಕಾದದ್ದು ಬೇರೆ ಇದೆ. ನಾಲ್ಕು ವರ್ಷದಲ್ಲಿ ಮಗು ಯಾವ ಯಾವ ಕೋರ್ಸ್ ತೆಗೆದುಕೊಳ್ಳಬೇಕು? ಊರಲ್ಲಿ ಇಡೀ ಕ್ಲಾಸಿಗೆ ಒಂದೇ ಟೈಮ್‌ಟೇಬಲ್, ಅದನ್ನು ಶಾಲೆಯೇ ಕೊಡುತ್ತಿತ್ತು. ಇಲ್ಲಿ ಪಕ್ಕಪಕ್ಕದಲ್ಲಿ ಕೂತ ಇಬ್ಬರ ಟೈಮ್‌ಟೇಬಲ್ ಕೂಡ ಒಂದೇ ಇರುವುದಿಲ್ಲ. ಕೋರ್ಸ್ ಆರಿಸುವುದು ಮಗು, ಸಹಿ ಹಾಕುವುದು ನೀವು. ಶಾಲೆಯ ಕೌನ್ಸೆಲರ್ ಸಹಾಯ ಮಾಡುತ್ತಾರೆ, ಆದರೆ ಒಬ್ಬೊಬ್ಬ ಕೌನ್ಸೆಲರ್ ಕೈಯಲ್ಲಿ ನೂರಾರು ಮಕ್ಕಳಿರುತ್ತಾರೆ. ನೀವಾಗಿ ಹೋಗಿ ಕೇಳದಿದ್ದರೆ ಅವರಾಗಿ ಕರೆದು ಹೇಳಲು ಅವರಿಗೆ ಪುರುಸೊತ್ತು ಸಿಗುವುದಿಲ್ಲ.

ನಾನು ಬರೆಯುತ್ತಿರುವುದು ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲುಗಳ ಬಗ್ಗೆ ಮಾತ್ರ. ಟೆಕ್ಸಾಸ್, ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಕ್ಕನ ಮನೆಯವರು ಹೇಳುವುದು ಅಲ್ಲಿನ ಮಟ್ಟಿಗೆ ಸರಿಯೇ. ಇಲ್ಲಿಗೆ ಅದನ್ನು ಅನ್ವಯಿಸಬೇಡಿ.

ಪಟ್ಟಿ ಎರಡಿವೆ

ಹೊಸದಾಗಿ ಬಂದ ತುಂಬಾ ಮನೆಯವರ ಜೊತೆ ಕೂತು ಮಾತಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ಡಿಪ್ಲೊಮಾಗೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ಬೇಕಾದ ಕೋರ್ಸ್‌ಗಳ ಪಟ್ಟಿ ಒಂದು, ಇಲ್ಲಿನ ಯೂನಿವರ್ಸಿಟಿಗೆ ಅರ್ಜಿ ಹಾಕಲು ಬೇಕಾದ ಪಟ್ಟಿ ಇನ್ನೊಂದು. ಮೊದಲನೆಯದು ಮುಗಿದರೆ ಎರಡನೆಯದೂ ಮುಗಿಯಿತು ಅಂತ ಅಲ್ಲ.

ರಾಜ್ಯದ ಕಾನೂನು ಡಿಪ್ಲೊಮಾಗೆ ಕೇಳುವುದು ಸ್ವಲ್ಪವೇ. ಇಂಗ್ಲಿಷ್ 3 ವರ್ಷ, ಸಮಾಜ 3 ವರ್ಷ, ಗಣಿತ 2 ವರ್ಷ, ವಿಜ್ಞಾನ 2 ವರ್ಷ, ಪಿಇ ಅಂದರೆ ದೈಹಿಕ ಶಿಕ್ಷಣ 2 ವರ್ಷ, ಜೊತೆಗೆ ಕಲೆ, ಭಾಷೆ ಅಥವಾ ವೃತ್ತಿ ತರಬೇತಿಯಲ್ಲಿ ಯಾವುದಾದರೂ 1 ವರ್ಷ. ಇದರ ಮೇಲೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ನಿಮ್ಮ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ತನ್ನದನ್ನೂ ಸೇರಿಸುತ್ತದೆ. ಅದು ಊರಿಂದ ಊರಿಗೆ ಬೇರೆ. ಫ್ರೀಮಾಂಟ್‌ನ ಪಟ್ಟಿ ನೋಡಿಕೊಂಡು ಸ್ಯಾನ್ ರಾಮೋನ್‌ನಲ್ಲಿ ಪ್ಲಾನ್ ಮಾಡಬೇಡಿ. ಇನ್ನೊಂದು ಹೊಸದು ಬರುತ್ತಿದೆ: 2030-31ರಲ್ಲಿ ಹೈಸ್ಕೂಲ್ ಮುಗಿಸುವ ಬ್ಯಾಚಿನಿಂದ ಪರ್ಸನಲ್ ಫೈನಾನ್ಸ್ ಎಂಬ ಒಂದು ಸೆಮಿಸ್ಟರ್ ಕೋರ್ಸ್ ಕಡ್ಡಾಯ. ಅಂದರೆ 2027ರ ಆಗಸ್ಟ್‌ನಲ್ಲಿ ಒಂಬತ್ತಕ್ಕೆ ಸೇರುವವರಿಂದ ಶುರು.

ಎರಡನೇ ಪಟ್ಟಿಗೆ ಎಲ್ಲರೂ ಎ-ಜಿ ಅನ್ನುತ್ತಾರೆ. ಎ ಇಂದ ಜಿ ವರೆಗಿನ ಅಕ್ಷರಗಳು ಇಲ್ಲಿ ಏಳು ವಿಷಯಗಳ ಹೆಸರು, ಗ್ರೇಡ್ ಅಲ್ಲ. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಯುಸಿಎಲ್ಎ, ಡೇವಿಸ್ ಎಲ್ಲ ಸೇರಿದ ಯುಸಿ, ಮತ್ತು ಸ್ಯಾನ್ ಹೋಸೆ ಸ್ಟೇಟ್ ತರಹದ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ) ಕಾಲೇಜುಗಳು, ಎರಡಕ್ಕೂ ಇದೇ ಪಟ್ಟಿ. ಇಂಗ್ಲಿಷ್ 4 ವರ್ಷ. ಗಣಿತ 3, ಆದರೆ 4 ಆದರೆ ಒಳ್ಳೆಯದು. ವಿಜ್ಞಾನ 2, ಆದರೆ 3 ಆದರೆ ಒಳ್ಳೆಯದು. ಇತಿಹಾಸ 2. ಇಂಗ್ಲಿಷ್ ಅಲ್ಲದ ಒಂದು ಭಾಷೆ 2 ವರ್ಷ. ಕಲೆ 1 ವರ್ಷ. ಇಷ್ಟವಾದ ಇನ್ನೊಂದು ವಿಷಯ 1 ವರ್ಷ. ಒಟ್ಟು 15. ಯುಸಿಗೆ ಇದರಲ್ಲಿ 11 ಕೋರ್ಸ್ ಹನ್ನೊಂದನೇ ಕ್ಲಾಸ್ ಮುಗಿಯುವಷ್ಟರಲ್ಲಿ ಆಗಿರಬೇಕು.

ಈಗ ಗ್ರೇಡ್ ವಿಷಯ. ಒಂದು ಕೋರ್ಸಿನಲ್ಲಿ ಡಿ ಬಂದರೂ ಡಿಪ್ಲೊಮಾಗೆ ಕ್ರೆಡಿಟ್ ಸಿಗುತ್ತದೆ. ಮಗು "ಪಾಸ್ ಆಯ್ತು" ಅನ್ನುತ್ತದೆ, ನಿಜವೇ. ಆದರೆ ಎ-ಜಿ ಪಟ್ಟಿಗೆ ಸಿ ಅಥವಾ ಅದಕ್ಕಿಂತ ಮೇಲೆ ಬಂದಿರಬೇಕು. ಡಿ ಬಂದ ಕೋರ್ಸ್ ಆ ಪಟ್ಟಿಯಲ್ಲಿ ಖಾಲಿ ಜಾಗ. ಅದನ್ನು ಮತ್ತೆ ಮಾಡಿ ಸಿ ತಂದರೆ ಯುಸಿ ಹೊಸ ಗ್ರೇಡನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಡಿ ಕಂಡ ತಕ್ಷಣ ಬೇಸಿಗೆಯ ಕ್ಲಾಸಿಗೆ ಹೆಸರು ಕೊಡಿ, ಮುಂದಕ್ಕೆ ತಳ್ಳಬೇಡಿ.

ಒಂಬತ್ತನೇ ಕ್ಲಾಸಿನ ಗ್ರೇಡ್ ಲೆಕ್ಕಕ್ಕಿಲ್ಲ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಅರ್ಧ ಸತ್ಯ. ಯುಸಿ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, ಲೆಕ್ಕ ಹಾಕುವುದು ಹತ್ತು ಮತ್ತು ಹನ್ನೊಂದರ ಗ್ರೇಡ್‌ಗಳಿಂದ. ಆದರೂ ಒಂಬತ್ತರ ಕೋರ್ಸ್‌ಗಳು ಎ-ಜಿ ಪಟ್ಟಿಯಲ್ಲಿ ಇರುತ್ತವೆ, ಅವಕ್ಕೂ ಸಿ ಬೇಕೇ ಬೇಕು. ಬೇರೆ ರಾಜ್ಯದ ಕಾಲೇಜು, ಖಾಸಗಿ ಕಾಲೇಜುಗಳು ಒಂಬತ್ತನ್ನೂ ನೋಡುತ್ತವೆ.

ಇನ್ನೂ ಒಂದು ಮಾತು. ಶಾಲೆಯ ಎಲ್ಲ ಕೋರ್ಸ್‌ಗಳೂ ಎ-ಜಿ ಅಲ್ಲ. ಯಾವ ಶಾಲೆಯ ಯಾವ ಕೋರ್ಸಿಗೆ ಒಪ್ಪಿಗೆ ಇದೆ ಅಂತ ಯುಸಿಯೇ ಆನ್‌ಲೈನ್‌ನಲ್ಲಿ ಪಟ್ಟಿ ಇಟ್ಟಿದೆ. ಶಾಲೆಯ ಹೆಸರು ಹಾಕಿದರೆ ತೋರಿಸುತ್ತದೆ. ಕೋರ್ಸ್ ಆರಿಸುವ ದಿನ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಗಣಿತ ಎಲ್ಲಿಂದ ಶುರು?

ನಮ್ಮವರಿಗೆ ಜಾಸ್ತಿ ತಲೆಬಿಸಿ ಆಗುವುದು ಇಲ್ಲೇ. ಊರಿನ ಗಣಿತ ಪುಸ್ತಕದಲ್ಲಿ ಬೀಜಗಣಿತ, ರೇಖಾಗಣಿತ, ಅಂಕಿಅಂಶ ಎಲ್ಲ ಒಟ್ಟಿಗೆ ಇರುತ್ತದೆ. ಇಲ್ಲಿ ಬಹಳ ಶಾಲೆಗಳಲ್ಲಿ ವರ್ಷಕ್ಕೊಂದು: ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ನಮ್ಮ ಹಾಗೇ ಕಲಸಿದ ಮ್ಯಾಥ್ 1, 2, 3 ಇದೆ.

"ನಮ್ಮ ಮಗ ಗಣಿತದಲ್ಲಿ ಯಾವಾಗಲೂ 90ರ ಮೇಲೆ, ನೇರ ಆಲ್ಜೀಬ್ರಾ 2ಕ್ಕೆ ಹಾಕಿ" ಅಂತ ಕೇಳುವವರು ತುಂಬಾ ಜನ. ದಯವಿಟ್ಟು ಅವಸರ ಮಾಡಬೇಡಿ. ನಮ್ಮಲ್ಲಿ ಎರಡು ಚರಾಕ್ಷರದ ಸಮೀಕರಣ ಬರುವುದು ಒಂಬತ್ತರಲ್ಲಿ, ವರ್ಗ ಸಮೀಕರಣ ಬರುವುದು ಹತ್ತರಲ್ಲಿ. ಇವೆರಡೂ ಇಲ್ಲಿನ ಆಲ್ಜೀಬ್ರಾ 1ರಲ್ಲೇ ಬರುತ್ತವೆ. ಎಂಟು ಮುಗಿಸಿದ ಮಗು ಎಷ್ಟೇ ಚುರುಕಾಗಿದ್ದರೂ ಅದನ್ನು ಕಲಿತಿರುವುದಿಲ್ಲ. ಅಂಥ ಮಕ್ಕಳಿಗೆ ಆಲ್ಜೀಬ್ರಾ 1 ಸರಿಯಾದ ಜಾಗ. ಬೇಸಿಗೆಯಲ್ಲಿ ಕೂತು ಓದಿ, ಯಾವ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆ ಚೆನ್ನಾಗಿ ಬರೆದರೆ ಜಾಮೆಟ್ರಿ.

ಇನ್ನೊಂದು ಕಡೆಯಿಂದ, ಮಗುವಿಗೆ ಗೊತ್ತಿರುವುದನ್ನೇ ಮತ್ತೆ ಒಂದು ವರ್ಷ ಕಲಿಸುವ ಕ್ಲಾಸಿಗೆ ಹಾಕಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಒಂಬತ್ತನೇ ಕ್ಲಾಸಿನ ಗಣಿತಕ್ಕೆ ಮಕ್ಕಳನ್ನು ಯಾವ ಆಧಾರದ ಮೇಲೆ ಹಾಕುತ್ತೇವೆ ಎಂಬ ಲಿಖಿತ ನಿಯಮ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಇರಬೇಕು, ತೀರ್ಮಾನ ಸರಿ ಅನಿಸದಿದ್ದರೆ ಮನೆಯವರು ಪ್ರಶ್ನಿಸುವ ದಾರಿಯೂ ಇರಬೇಕು. ಇದು 2015ರ ರಾಜ್ಯದ ಕಾನೂನು. ಮರ್ಯಾದೆಯಿಂದ ಕೇಳಿ, ತೋರಿಸುತ್ತಾರೆ.

ಕೌನ್ಸೆಲರ್ ಮುಂದೆ ಕೂತಾಗ ನಡೆಯುವುದು ಹೀಗೆ. ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಬಂದ ಒಬ್ಬ ಹುಡುಗಿಯ ಜೊತೆ ನಾನೂ ಹೋಗಿದ್ದೆ. ಅವಳು ಒಂಬತ್ತು ಮುಗಿಸಿ ಬಂದವಳು. ಅಂಕಪಟ್ಟಿಯಲ್ಲಿ ಗಣಿತದ ಮುಂದೆ ಒಂದೇ ಒಂದು ನಂಬರ್. ಆ ನಂಬರಿನ ಒಳಗೆ ಜಾಮೆಟ್ರಿ ಎಷ್ಟಿದೆ ಅಂತ ಕೌನ್ಸೆಲರ್‌ಗೆ ಹೇಗೆ ಗೊತ್ತಾಗಬೇಕು? ಅವಳ ಅಮ್ಮ ಬ್ಯಾಗಿನಿಂದ ಎಂಟು, ಒಂಬತ್ತರ ಇಂಗ್ಲಿಷ್ ಗಣಿತ ಪುಸ್ತಕಗಳ ಪರಿವಿಡಿ ಪುಟ ಪ್ರಿಂಟ್ ತೆಗೆದು ಮುಂದಿಟ್ಟರು. ತ್ರಿಭುಜ, ಚತುರ್ಭುಜ, ವೃತ್ತ, ರಚನೆ, ಒಂದೊಂದರ ಮುಂದೆಯೂ ಪೆನ್ಸಿಲಲ್ಲಿ ಟಿಕ್. ಕೌನ್ಸೆಲರ್ ಗಣಿತದ ಟೀಚರನ್ನೇ ಕರೆಸಿ ಐದು ನಿಮಿಷದಲ್ಲಿ ಮಾತು ಮುಗಿಸಿದರು. ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ, ಎನ್‌ಸಿಇಆರ್‌ಟಿಯಲ್ಲಿ ಉಚಿತವಾಗಿ ಸಿಗುತ್ತವೆ. ನೀವೂ ಇದೇ ಮಾಡಿ. ಯುಸಿ ಜಾಮೆಟ್ರಿಯನ್ನು ಹೆಸರು ಹಿಡಿದು ಕೇಳುತ್ತದೆ. ಆದ್ದರಿಂದ ಜಾಮೆಟ್ರಿ ಬಿಟ್ಟು ಮುಂದಕ್ಕೆ ಹಾಕುತ್ತೇವೆ ಅಂದರೆ, ಆ ಕೋರ್ಸಿನ ಲೆಕ್ಕ ಹೇಗೆ ತುಂಬುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ.

ಎಂಜಿನಿಯರಿಂಗ್ ಮನಸ್ಸಿನಲ್ಲಿದ್ದರೆ ಹನ್ನೆರಡರ ಹೊತ್ತಿಗೆ ಕ್ಯಾಲ್ಕುಲಸ್ ತಲುಪುವುದು ಒಳ್ಳೆಯದು. ಒಂಬತ್ತರಲ್ಲಿ ಆಲ್ಜೀಬ್ರಾ 1 ಇಂದ ಶುರುಮಾಡಿದವರು ಹತ್ತರಲ್ಲಿ ಜಾಮೆಟ್ರಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ಮಾಡಬಹುದು, ಇಲ್ಲವೇ ಒಂದನ್ನು ಬೇಸಿಗೆಯಲ್ಲಿ ಮುಗಿಸಬಹುದು. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲೂ (ಎರಡು ವರ್ಷದ ಸರ್ಕಾರಿ ಕಾಲೇಜು) ಹೈಸ್ಕೂಲ್ ಮಕ್ಕಳು ಕೋರ್ಸ್ ತೆಗೆದುಕೊಳ್ಳಬಹುದು. ಯುಸಿ ಒಪ್ಪುವ ಅಲ್ಲಿನ ಒಂದು ಸೆಮಿಸ್ಟರ್ ಕೋರ್ಸ್, ಎ-ಜಿಗೆ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಆದರೆ ಅಲ್ಲಿನ ಗ್ರೇಡ್ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಬಂದ ಮೊದಲ ವರ್ಷವೇ ಅದಕ್ಕೆ ಕೈ ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ.

ಕನ್ನಡ, ಸಂಗೀತ, ಭರತನಾಟ್ಯ

ಎರಡು ವರ್ಷದ ಭಾಷೆಗೆ ಹೆಚ್ಚಿನವರು ಸ್ಪ್ಯಾನಿಶ್ ತೆಗೆದುಕೊಳ್ಳುತ್ತಾರೆ. ಅದು ಒಳ್ಳೆಯದೇ, ಇಲ್ಲಿ ಅಂಗಡಿಯಲ್ಲಿ, ರಸ್ತೆಯಲ್ಲಿ ದಿನಾ ಕೇಳುವ ಭಾಷೆ. ಆದರೆ ನಿಮ್ಮ ಮಗು ಆರನೇ ಕ್ಲಾಸ್ ಅಥವಾ ಅದರ ಮೇಲೆ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ, ಯುಸಿ ಅದನ್ನೇ ಭಾಷೆಯ ಲೆಕ್ಕಕ್ಕೆ ಒಪ್ಪುತ್ತದೆ. ಕನ್ನಡ ಮಾಧ್ಯಮ ಅಂತ ಹೇಳಿಕೊಳ್ಳಲು ಹಿಂಜರಿಯುವ ಮನೆಗಳನ್ನು ನೋಡಿದ್ದೇನೆ. ಹಿಂಜರಿಯಬೇಡಿ, ಹಳೆಯ ಶಾಲೆಯಿಂದ ಓದಿದ ಮಾಧ್ಯಮವನ್ನು ನಮೂದಿಸಿದ ಪತ್ರ ತರಿಸಿಕೊಳ್ಳಿ. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಓದಿದವರಿಗೆ ಈ ದಾರಿ ಇಲ್ಲ. ಅವರು ವಾರಾಂತ್ಯದ ಕನ್ನಡ ಶಾಲೆಯ ಕ್ರೆಡಿಟನ್ನು ನಿಮ್ಮ ಡಿಸ್ಟ್ರಿಕ್ಟ್ ಒಪ್ಪುತ್ತದೆಯೇ ಅಂತ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಎರಡು ಭಾಷೆಯಲ್ಲಿ ಓದಿ ಬರೆಯಬಲ್ಲ ಮಕ್ಕಳಿಗೆ ಡಿಪ್ಲೊಮಾದ ಮೇಲೆ ರಾಜ್ಯದ ಸೀಲ್ ಆಫ್ ಬೈಲಿಟರಸಿ ಮುದ್ರೆಯೂ ಸಿಗಬಹುದು. ಅಮೆರಿಕದಲ್ಲಿ ಇದನ್ನು ಮೊದಲು ತಂದ ರಾಜ್ಯ ಕ್ಯಾಲಿಫೋರ್ನಿಯಾ.

ಕಲೆಯ ಒಂದು ವರ್ಷಕ್ಕೆ ಮಾತ್ರ ಮನೆಯ ಹತ್ತಿರ ಕಲಿಯುವ ಕರ್ನಾಟಕ ಸಂಗೀತ, ಭರತನಾಟ್ಯ ನಡೆಯುವುದಿಲ್ಲ. ಖಾಸಗಿ ಪಾಠ ಎ-ಜಿಗೆ ಬರುವುದಿಲ್ಲ, ಶಾಲೆಯಲ್ಲೇ ಒಂದು ಕಲೆಯ ಕೋರ್ಸ್ ಇಡೀ ವರ್ಷ ಮಾಡಬೇಕು. ಹಾಗಂತ ಪಾಠ ಬಿಡಿಸಬೇಡಿ. ಯುಸಿ ಅರ್ಜಿಯಲ್ಲಿ ಚಟುವಟಿಕೆ, ಪ್ರಶಸ್ತಿಗಳಿಗೆ 20 ಜಾಗ ಇದೆ. ಐದಾರು ವರ್ಷ ಬಿಡದೆ ಕಲಿತ ವಿದ್ಯೆಗೆ ಅಲ್ಲಿ ನಿಜವಾದ ಬೆಲೆ ಇದೆ.

ಅಡ್ಮಿಶನ್ ದಿನದ ಫಾರ್ಮ್

ಸೇರಿಸುವಾಗ ಮನೆಯ ಭಾಷೆಯ ಬಗ್ಗೆ ನಾಲ್ಕು ಪ್ರಶ್ನೆ ಇರುವ ಒಂದು ಫಾರ್ಮ್ ಕೊಡುತ್ತಾರೆ. ಅಲ್ಲಿ ಕನ್ನಡ ಅಂತ ಬರೆದರೆ ಮಗು 30 ದಿನದೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗುತ್ತದೆ. ಇದಕ್ಕೆ ಹೆದರಿ ಇಂಗ್ಲಿಷ್ ಅಂತ ಬರೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಕೊಡುವುದಿಲ್ಲ. ಸತ್ಯ ಬರೆಯಿರಿ. ಇಂಗ್ಲಿಷ್ ಚೆನ್ನಾಗಿ ಬರುವ ಮಗು ಆ ಪರೀಕ್ಷೆ ಪಾಸಾಗಿ ಎಲ್ಲರ ಜೊತೆ ಕೂರುತ್ತದೆ. ಕಷ್ಟ ಇರುವ ಮಗುವಿಗೆ ಸಹಾಯ ಸಿಗುತ್ತದೆ, ಆ ಸಹಾಯ ಅದಕ್ಕೆ ಬೇಕು ಕೂಡ. ಸಹಾಯದ ಕ್ಲಾಸ್ ದಿನದ ಆರೇಳು ಪಿರಿಯಡ್‌ನಲ್ಲಿ ಒಂದನ್ನು ತಿನ್ನುತ್ತದೆ ಎಂಬುದು ನಿಜ. ಅದಕ್ಕೇ ಯಾವ ಕೋರ್ಸ್ ಮುಂದಿನ ವರ್ಷಕ್ಕೆ ಹೋಗುತ್ತದೆ ಅಂತ ಆವತ್ತೇ ನಾಲ್ಕು ವರ್ಷದ ಹಾಳೆಯಲ್ಲಿ ಬರೆದುಕೊಳ್ಳಿ.

ಆ ಹಾಳೆ ನೀವೇ ಮಾಡಿಕೊಳ್ಳಬೇಕು. ಉದ್ದಕ್ಕೆ ನಾಲ್ಕು ವರ್ಷ, ಪ್ರತಿ ವರ್ಷದ ಕೆಳಗೆ ಆರು ಕೋರ್ಸ್, ಪ್ರತಿ ಕೋರ್ಸಿನ ಮುಂದೆ ಎರಡು ಚೌಕ: ಡಿಪ್ಲೊಮಾಗೆ ಬಂತಾ, ಎ-ಜಿಗೆ ಬಂತಾ. ಹೊಸದಾಗಿ ಬಂದ ಮಗುವಿನ ಮೊದಲ ವರ್ಷ ಇಂಗ್ಲಿಷ್ 9, ಗಣಿತ, ಬಯಾಲಜಿ, ಸ್ಪ್ಯಾನಿಶ್ 1, ಪಿಇ, ಒಂದು ಕಲೆ ಅಂತಿದ್ದರೆ ಸಾಕು. ಐದು ಚೌಕ ಎರಡೂ ಕಡೆ ತುಂಬುತ್ತವೆ, ಪಿಇ ಡಿಪ್ಲೊಮಾಗೆ ಮಾತ್ರ. ಆನರ್ಸ್, ಅಂದರೆ ಇನ್ನೂ ಕಷ್ಟದ ಮಟ್ಟದ ಕೋರ್ಸ್‌ಗಳಿಗೆ ಹತ್ತು, ಹನ್ನೊಂದರಲ್ಲಿ ಸಮಯ ಇದೆ. ಹೊಸ ದೇಶ, ಹೊಸ ಸ್ನೇಹಿತರು, ಊಟದ ಹೊತ್ತಿಗೆ ಯಾರ ಪಕ್ಕ ಕೂರುವುದು ಅನ್ನುವುದೇ ಗೊತ್ತಿಲ್ಲದ ವಯಸ್ಸು. ಮೊದಲ ವರ್ಷ ಸ್ವಲ್ಪ ಉಸಿರಾಡಲು ಬಿಡಿ.

ಒಂಬತ್ತು ಅಥವಾ ಹತ್ತನ್ನು ಊರಲ್ಲೇ ಮುಗಿಸಿ ಬರುವವರು ಆ ವರ್ಷಗಳ ಅಂಕಪಟ್ಟಿಯನ್ನು ಶಾಲೆಯ ಸೀಲ್, ಸಹಿ ಸಮೇತ ಎರಡು ಮೂರು ಪ್ರತಿ ತನ್ನಿ. ಇಲ್ಲಿಂದ ಕೂತು ತರಿಸಿಕೊಳ್ಳುವುದು ಬಹಳ ಕಷ್ಟ. ಎಸ್ಸೆಸ್ಸೆಲ್ಸಿ ಅಥವಾ ಸಿಬಿಎಸ್ಇ ಹತ್ತರ ಪ್ರಮಾಣಪತ್ರ ಇದ್ದರೆ ಅದೂ ಬೇಕು. ಮುಂದೆ ಯುಸಿ ಅರ್ಜಿ ತುಂಬುವಾಗ ಊರಿನ ಅಂಕಗಳನ್ನು ಇದ್ದ ಹಾಗೇ ಬರೆಯಬೇಕು, ನೀವೇ ಎ, ಬಿ ಅಂತ ಬದಲಾಯಿಸಬಾರದು.

ಮುಂದಿನ ವರ್ಷದ ಕೋರ್ಸ್ ಆರಿಸುವ ಕೆಲಸ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ ನಡೆಯುತ್ತದೆ. ಅದು ಮುಗಿದ ಮೇಲೆ ಬಂದವರಿಗೆ ಉಳಿದ ಸೀಟುಗಳಲ್ಲೇ ಜಾಗ. ಅದಕ್ಕೇ ಬಂದ ವಾರವೇ ಅಡ್ಮಿಶನ್ ಮಾಡಿಸಿ, ಕೌನ್ಸೆಲರ್‌ಗೆ ಈಮೇಲ್ ಬರೆದು ಭೇಟಿಗೆ ಸಮಯ ಕೇಳಿ. ಟೈಮ್‌ಟೇಬಲ್ ಆಗಸ್ಟ್ ಹೊತ್ತಿಗೆ ಶಾಲೆಯ ಪೋರ್ಟಲ್‌ನಲ್ಲಿ ಬರುತ್ತದೆ. ಬಂದ ದಿನವೇ ನಿಮ್ಮ ಹಾಳೆಯ ಜೊತೆ ಹೋಲಿಸಿ ನೋಡಿ. ಗಣಿತದ ಕ್ಲಾಸ್ ತಪ್ಪಿದ್ದರೆ, ಭಾಷೆಯ ಬದಲು ಬೇರೇನೋ ಹಾಕಿದ್ದರೆ, ಬದಲಾಯಿಸಿಕೊಳ್ಳಲು ಶಾಲೆ ಕೊಡುವುದು ಮೊದಲ ಕೆಲವು ವಾರ ಮಾತ್ರ. ಕೊನೆಯ ದಿನ ಯಾವುದು ಅಂತ ಶಾಲೆ ಶುರುವಾಗುವ ಮೊದಲೇ ಕೇಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.