ಚಿಕ್ಕಮ್ಮನ ಮನೆ ತೆರಿಗೆ ಇಳಿದದ್ದು ಹೀಗೆ

ಕುಮಟಾದಲ್ಲಿ ನನ್ನ ಚಿಕ್ಕಮ್ಮ ಒಬ್ಬಳೇ ಇರುತ್ತಾಳೆ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ, ಹಿಂದೆ ನಾಲ್ಕು ತೆಂಗಿನ ಮರ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಕಾಯಿ ಮಾರಿದರೆ ಇನ್ನೊಂದಿಷ್ಟು. 2022ರ ಮಾರ್ಚ್‌ನಲ್ಲಿ ಹೋದಾಗ ಅವಳು ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಾಳೆ ಅಂತ ಗೊತ್ತಾಯಿತು. ಯಾಕೆ ಅಂತ ಕೇಳಿದೆ. "ಮನೆ ತೆರಿಗೆ ಕಟ್ಟೂಕೆ ಉಂಟಲ್ಲ ತಮಾ" ಅಂದಳು.

ಅವತ್ತು ರಾತ್ರಿ ಅವಳ ಬಿಸ್ಕತ್ತಿನ ಡಬ್ಬಿ ಬಿಚ್ಚಿ ಕೂತೆವು. ಹದಿನೈದು ವರ್ಷದ ರಸೀದಿಗಳನ್ನು ಹೂವಿನ ನೂಲಿನಲ್ಲಿ ಕಟ್ಟಿಟ್ಟಿದ್ದಳು. ಒಂದು ವರ್ಷವೂ ತಪ್ಪಿಸಿರಲಿಲ್ಲ. ಆದರೆ ಪ್ರತಿ ಸಲ ಕಟ್ಟಿದ್ದು ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ. ಮೊತ್ತ ದಂಡ ಸೇರಿ 2,600ರ ಹತ್ತಿರ ಇತ್ತು. ಎರಡು ತಿಂಗಳ ಪಿಂಚಣಿ ಕೊಟ್ಟರೂ ಸಾಲದು.

ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಹಿರಿಯರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡುತ್ತಾರೆ. ಹಾಗೇ ಇಲ್ಲೂ ಏನಾದರೂ ರಿಯಾಯಿತಿ ಇರಬಹುದು ಅಂದುಕೊಂಡು ಮರುದಿನ ಪುರಸಭೆಗೆ ಹೋದೆ. ತೆರಿಗೆ ಫಾರಂನಲ್ಲಿ ವಯಸ್ಸು ಕೇಳುವ ಕಾಲಮ್ಮೇ ಇಲ್ಲ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಹಿರಿಯ ನಾಗರಿಕರು ತಾವೇ ವಾಸ ಇರುವ ಒಂದು ಮನೆಗೆ, 200 ಚದರ ಮೀಟರ್‌ವರೆಗೆ, 30% ರಿಯಾಯಿತಿ ಪಡೆಯುತ್ತಾರೆ. ನಮ್ಮ ಊರಿನ ಮುದುಕರಿಗೆ ಅಂಥದ್ದು ಸಿಗಲಿಲ್ಲ. ಬೇಜಾರಾಯಿತು. ಆದರೆ ಅದೇ ಫಾರಂ ಹಿಡಿದುಕೊಂಡು ಬಂದು ನಿಧಾನಕ್ಕೆ ಓದಿದೆ. ಆಗ ಕಣ್ಣು ತೆರೆಯಿತು.

ನಮ್ಮ ಪಟ್ಟಣಗಳಲ್ಲಿ ಇರುವುದು ಸ್ವಯಂ ಘೋಷಿತ ಆಸ್ತಿ ತೆರಿಗೆ. ಅಂದರೆ ಮನೆ ಎಷ್ಟು ದೊಡ್ಡದು, ಮಾಡು ಯಾವುದು, ಕಟ್ಟಿದ್ದು ಯಾವಾಗ, ಒಳಗೆ ನಡೆಯುವುದು ಸಂಸಾರವೋ ವ್ಯಾಪಾರವೋ ಅಂತ ನಾವೇ ಬರೆದು ಕೊಡಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದ ಮೇಲೆ, ಅಂದರೆ ಆಯಾ ಜಾಗದ ಆಸ್ತಿಗೆ ಸರ್ಕಾರ ಗೊತ್ತುಮಾಡಿದ ದರದ ಮೇಲೆ, ಬೆಲೆ ಲೆಕ್ಕ ಹಾಕುತ್ತಾರೆ. ಆರ್‌ಸಿಸಿ ತಾರಸಿಗೆ ಒಂದು ದರ, ಹೆಂಚಿಗೆ ಅದಕ್ಕಿಂತ ಕಡಿಮೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಅಂತ ಕಳೆಯುತ್ತಾರೆ. ವಾಸದ ಮನೆಗಿಂತ ಅಂಗಡಿಗೆ ತೆರಿಗೆ ಜಾಸ್ತಿ. ಇದರ ಮೇಲೆ ಆರೋಗ್ಯ, ಗ್ರಂಥಾಲಯ ಅಂತ ಉಪಕರಗಳು. ತೆರಿಗೆ ಇಳಿದರೆ ಅವೂ ಇಳಿಯುತ್ತವೆ.

ಚಿಕ್ಕಮ್ಮನ ಫಾರಂನಲ್ಲಿ ಮೂರು ತಪ್ಪಿತ್ತು. ಮಾಡು ಆರ್‌ಸಿಸಿ ಅಂತ ಬರೆದಿತ್ತು. ನಿಜಕ್ಕೂ ಸ್ಲ್ಯಾಬ್ ಇರುವುದು ಹಿಂದಿನ ಬಚ್ಚಲಿಗೆ ಮಾತ್ರ. ಕಟ್ಟಿದ ವರ್ಷ 2006 ಅಂತ ಇತ್ತು. ಅದೂ ಬಚ್ಚಲಿನದೇ ವರ್ಷ, ಮನೆ 1974ರದ್ದು. ಮೂರನೆಯದು ಮುಂದಿನ ಕೋಣೆ. ಅಲ್ಲಿ ಒಬ್ಬ ದರ್ಜಿ ಬಾಡಿಗೆಗೆ ಇದ್ದ. ಅವನು ಬಿಟ್ಟು ಹೋಗಿ ಎಂಟು ವರ್ಷವಾಗಿತ್ತು. ಫಾರಂನಲ್ಲಿ ಮಾತ್ರ ಅದಿನ್ನೂ ಅಂಗಡಿ. ಪ್ರತಿ ವರ್ಷ ಯಾರ ಹತ್ತಿರವೋ ಬರೆಸುತ್ತಿದ್ದಳು, ಅವರು ಹಳೆಯದನ್ನು ನೋಡಿ ಹಾಗೇ ಇಳಿಸುತ್ತಿದ್ದರು. ಯಾರದೂ ದುರುದ್ದೇಶ ಅಲ್ಲ. ಆದರೂ ಇಷ್ಟು ವರ್ಷ ಅವಳು ಇಲ್ಲದ ಅಂಗಡಿಗೆ ದುಡ್ಡು ಕಟ್ಟಿದಳಲ್ಲ ಅಂತ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಟೇಪ್ ತಂದೆ. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು. ಗೋಡೆ ಹೊರಗಿನಿಂದ ಹಿಡಿದೆವು. ಮುಗಿಯಿತು ಅಂತ ಟೇಪ್ ಸುತ್ತುವಾಗ ಅವಳು ಹಿತ್ತಿಲಿಗೆ ಹೋಗಿ ನಿಂತಿದ್ದಳು. "ಕೊಟ್ಟಿಗೆನೂ ಅಳತೆ ಮಾಡು ತಮಾ. ನಾಳೆ ಯಾರಾದ್ರೂ ಬಂದು ಕೇಳಿದ್ರೆ ಸುಳ್ಳು ಹೇಳೂಕೆ ಆಗೂದಿಲ್ಲ." ಕೊಟ್ಟಿಗೆಯಲ್ಲಿ ದನ ಇಲ್ಲದೆ ಎಷ್ಟೋ ವರ್ಷವಾಗಿದೆ, ಸೌದೆ ತುಂಬಿದೆ. ಸೌದೆ ಸರಿಸಿ ಅಳೆದೆವು, ಫಾರಂನಲ್ಲಿ ಬರೆದೆವು. ಅದು ಸರಿಯೇ. ತಪ್ಪು ತಿದ್ದಲು ಹೋದವರು ಹೊಸ ತಪ್ಪು ಬರೆಯಬಾರದು ಅಲ್ವಾ?

ಆಮೇಲೆ ಪುರಸಭೆ ಮುಖ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಬರೆದೆ. ಸ್ಥಳ ಪರಿಶೀಲನೆ ಮಾಡಿ ತಿದ್ದಿಕೊಡಿ ಅಂತ ಕೇಳಿದೆ. ಸಿರ್ಸಿ, ಕಾರವಾರದವರು ನಗರಸಭೆ ಆದ್ದರಿಂದ ಪೌರಾಯುಕ್ತರಿಗೆ ಬರೆಯಬೇಕು. ಜೊತೆಗೆ ಇಟ್ಟದ್ದು ಮನೆಯ ನಾಲ್ಕೂ ಕಡೆಯ ಫೋಟೋ, ಹೆಂಚು ಕಾಣುವ ಹಾಗೆ ಒಂದು ಫೋಟೋ, ಮನೆಬಳಕೆಯ ಮೀಟರ್ ಅಂತ ತೋರಿಸುವ ಹೆಸ್ಕಾಂ ಬಿಲ್ಲು, ಹಳೆಯ ರಸೀದಿಗಳ ಜೆರಾಕ್ಸ್. 1970ರ ದಶಕದ ಒಂದು ರಸೀದಿ ಆ ಡಬ್ಬಿಯ ತಳದಲ್ಲಿ ಸಿಕ್ಕಿತು. ಮನೆಯ ವಯಸ್ಸಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇರಲಿಲ್ಲ. ಹಾಗಾಗಿ ಹೇಳುತ್ತೇನೆ, ಹಿರಿಯರ ಮನೆಯಲ್ಲಿ ಹಳೇ ಕಾಗದ ಅಂತ ಯಾವುದನ್ನೂ ಒಲೆಗೆ ಹಾಕಬೇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಬನ್ನಿ.

ಬಿಲ್ ಕಲೆಕ್ಟರ್ ಬಂದು ನೋಡಿದರು. ಮುಂದಿನ ಕೋಣೆಯಲ್ಲಿ ಮಂಚ, ಅದರ ಮೇಲೆ ಒಣಗಿಸಿದ ಹಪ್ಪಳ. ಅಂಗಡಿ ಅಲ್ಲ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ಹೊಸ ಲೆಕ್ಕದಲ್ಲಿ ತೆರಿಗೆ 1,500 ರೂಪಾಯಿಗೆ ಇಳಿಯಿತು. ಹಿಂದೆ ಹೆಚ್ಚು ಕಟ್ಟಿದ್ದನ್ನು ನಾವು ಕೇಳಲಿಲ್ಲ.

ಇನ್ನು ಕಟ್ಟುವ ಸಮಯ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ 2% ದಂಡ. 1,500ಕ್ಕೆ ಲೆಕ್ಕ ಹಾಕಿ ನೋಡಿ. ಏಪ್ರಿಲ್‌ನಲ್ಲಿ 75 ರೂಪಾಯಿ ಉಳಿಯುತ್ತದೆ. ಮಾರ್ಚ್‌ವರೆಗೆ ಬಿಟ್ಟರೆ ಒಂಬತ್ತು ತಿಂಗಳಿಗೆ 18%, ಅಂದರೆ 270 ರೂಪಾಯಿ ಮೇಲೆ ಬೀಳುತ್ತದೆ. ಎರಡೂ ಸೇರಿ 345 ರೂಪಾಯಿ. ಅವಳ ಒಂದು ತಿಂಗಳ ಪಿಂಚಣಿಯ ಕಾಲು ಭಾಗಕ್ಕಿಂತ ಜಾಸ್ತಿ. ಬಡವರು ತಡವಾಗಿ ಕಟ್ಟುವುದು ಸೋಮಾರಿತನದಿಂದ ಅಲ್ಲ, ಒಟ್ಟಿಗೆ ಅಷ್ಟು ದುಡ್ಡು ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಅದೇ ಬಿಸ್ಕತ್ತಿನ ಡಬ್ಬಿಗೆ ಪಿಂಚಣಿ ಬಂದ ದಿನವೇ 120 ರೂಪಾಯಿ ಹಾಕುವುದು ಅಂತ ಮಾಡಿದೆವು. ಹನ್ನೆರಡು ತಿಂಗಳಿಗೆ 1,440. ಏಪ್ರಿಲ್‌ನಲ್ಲಿ ಕಟ್ಟಬೇಕಾದ್ದು 1,425. ಮೊದಲ ವರ್ಷ ಡಬ್ಬಿ ತುಂಬುವ ತನಕ ನಾನು ಕಟ್ಟಿದೆ.

ಪುರಸಭೆಯಲ್ಲಿ ಮನೆಯ ಖಾತೆ ಇನ್ನೂ ತೀರಿಹೋದ ಚಿಕ್ಕಪ್ಪನ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶಾವಳಿ, ಮಕ್ಕಳ ಒಪ್ಪಿಗೆ ಪತ್ರ, ತೆರಿಗೆ ಕಟ್ಟಿದ ರಸೀದಿ ಕೊಟ್ಟು ಅವಳ ಹೆಸರಿಗೆ ಮಾಡಿಸಿದೆವು. ಬೆಂಗಳೂರಿನಲ್ಲಿರುವ ಮಗ ಸಹಿ ಹಾಕಲು ಬರಬೇಕಿತ್ತು, ಹಾಗಾಗಿ ಹಬ್ಬದವರೆಗೆ ಕಾದೆವು.

ಫಾರಂ ಎಷ್ಟು ಸರಿಯಾಗಿ ಬರೆದರೂ ಒಂದು ಸಮಸ್ಯೆ ಉಳಿಯುತ್ತದೆ. ಹೆದ್ದಾರಿ ಅಗಲವಾಯಿತು, ಸುತ್ತ ಸೈಟುಗಳ ಬೆಲೆ ಏರಿತು, ಮಾರ್ಗಸೂಚಿ ದರವೂ ಏರುತ್ತದೆ. ಚಿಕ್ಕಮ್ಮ ಮನೆ ಮಾರುವವಳಲ್ಲ. ಬೆಲೆ ಏರಿದ್ದರಿಂದ ಅವಳ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಪಿಂಚಣಿ 2021ರಲ್ಲಿ 1,000ದಿಂದ 1,200 ಆಯಿತು, ಅಷ್ಟೇ. ಸಂಧ್ಯಾ ಸುರಕ್ಷಾ ಕೊಡುವಾಗ ಸರ್ಕಾರವೇ ಅವಳ ವಯಸ್ಸು, ಆದಾಯ ಎರಡನ್ನೂ ನೋಡಿದೆ. ಆ ಆದೇಶ ಪತ್ರ ತೋರಿಸಿದವರಿಗೆ, ವಾಸದ ಒಂದೇ ಮನೆಗೆ, ತೆರಿಗೆ ಅರ್ಧ ಮಾಡಲು ಹೊಸದಾಗಿ ಯಾವ ತನಿಖೆಯೂ ಬೇಕಿಲ್ಲ. ಇದನ್ನೇ ಬರೆದು ನಮ್ಮ ವಾರ್ಡಿನ ಸದಸ್ಯರಿಗೂ ಶಾಸಕರ ಕಚೇರಿಗೂ ಕೊಟ್ಟಿದ್ದೇನೆ. ಕೆಳಗೆ ನಮ್ಮ ಕೇರಿಯ ಹನ್ನೊಂದು ಹಿರಿಯರ ಸಹಿ ಇದೆ, ಮೂವರದು ಹೆಬ್ಬೆಟ್ಟು.